ಸೂತಕ ಹಿಡಿಯದ ಮನೆ

“ನಾಳೆ ಫೈನಲ್ ನಾವು ಆಡಲ್ವಂತೆ ಕಣೇ. ನಿಮ್ಮನೇಲಿ ಸೂತಕ ಅಂತ ಚಿಕ್ಕಬೈರಪ್ಪ ಹೋಗಿ ಪಂದ್ಯ ನಡೆಸೋರ್ಗೆ ಹೇಳ್ಬಿಟ್ಟವ್ರೆ. ಕಪ್ಪು ಅವ್ರ ಫ್ಯಾಕ್ಟ್ರಿ ಹುಡುಗೀರಿಗೇ ಅಂತೆ.”

ಜೊತೆ ಆಟಗಾರ್ತಿ ಮಲ್ಕಾ ಇಷ್ಟನ್ನೂ ಒಂದೇ ಉಸಿರಿಗೆ ಹೇಳುವಾಗ ದಾನವ್ವ ಸತ್ತ ಅಪ್ಪನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಅವಳ ಬೆರಳು ನಿಲ್ಲಲಿಲ್ಲ. ಮೂರನೆಯ ಪಟ್ಟೆಯನ್ನೂ ನೆಟ್ಟಗೆ ಎಳೆದಳು.

“ಅವ್ರನ್ನ ಯಾರ್ ಕೇಳಿದ್ರು?”

“ಪಾಪ, ಉಪಕಾರ ಮಾಡ್ದೆ ಅನ್ಕೊಂಡವ್ರೆ.”

“ಅವ್ರಿಗೆ ಪಾಪ ಅನ್ಬೇಡ.”

*

ಹತ್ತೊಂಬೈನೂರ ಎಪ್ಪತ್ತರ ಸುಮಾರಿಗೆ ಯಶವಂತಪುರದ ಕಾರ್ಖಾನೆಯೊಂದು ಬಾಲ್ ಬ್ಯಾಡ್ಮಿಂಟನ್ ಆಡಲೆಂದೇ ದಾನವ್ವನ ಅಪ್ಪ ಫಕೀರಪ್ಪನನ್ನು ಗದಗಿನಿಂದ ಕರೆಸಿ ಕೆಲಸ ಕೊಟ್ಟಿತ್ತು. ಬೆಳಿಗ್ಗೆ ಹಾಜರಿ ಹಾಕುವುದು, ಆಮೇಲೆ ಮೈದಾನ. ಅವನು ಕೊಯ್ದು ಹೊಡೆದ ಉಲ್ಲನ್ ಚೆಂಡು ನೆಲಕ್ಕೆ ಬಿದ್ದ ಮೇಲೆಯೇ ಎದುರಿನವರಿಗೆ ಕಾಣುತ್ತಿತ್ತು.

ಎಪ್ಪತ್ನಾಲ್ಕರ ಫೈನಲ್ಲಿನ ದಿನ ಅವನ ಮಂಡಿ ಕುಂಬಳದಷ್ಟು ಊದಿತ್ತು. “ಸುಮ್ನೆ ನಿಂತ್ಕೊ ಗುರು, ಮಿಕ್ಕಿದ್ದು ನಾನ್ ನೋಡ್ಕೊತೀನಿ” ಎಂದು ಕ್ಯಾಪ್ಟನ್ ಚಿಕ್ಕಬೈರಪ್ಪನೇ ಅವನನ್ನು ಆಟಕ್ಕೆ ಇಳಿಸಿದ. ಸೋತರು. ಮರುದಿನ ಸಾಹೇಬರ ಮುಂದೆ ಅದೇ ಬಾಯಿ, “ಬೇಕಂತ್ಲೇ ಬಿಟ್ಕೊಟ್ಟ ಸಾರ್” ಎಂದಿತು.

ಫಕೀರಪ್ಪನನ್ನು ಆಟದಿಂದ ತೆಗೆದು ಎರಕದ ಕುಲುಮೆಯ ಕೆಲಸಕ್ಕೆ ಹಾಕಿದರು. ಪಾಳಿ ಮುಗಿಸಿ ಅವನು ಅಲ್ಲಾಳಸಂದ್ರದ ಕೆರೆಬಯಲಿಗೆ ಬಂದು, ಕುಂಟುತ್ತಲೇ ಹನ್ನೆರಡು ವರ್ಷ ಹುಡುಗಿಯರಿಗೆ ಆಟ ಕಲಿಸಿದ. ಯಾವ ಕಪ್ಪು ಗೆದ್ದು ತಂದರೂ ಅವನದು ಒಂದೇ ಮಾತು: “ಅವನ ಟೀಮ್ ಯಾವಾಗ ಸಿಗ್ತದ?” ಚಿಕ್ಕಬೈರಪ್ಪ ಈಗ ನೋಡಿಕೊಳ್ಳುವ ಕಾರ್ಖಾನೆ ಹುಡುಗಿಯರ ಟೀಮ್ ಈ ಫೈನಲ್ಲಿಗೆ ಕೊನೆಗೂ ಸಿಕ್ಕಿತ್ತು. ಅದಕ್ಕೆ ಎರಡು ದಿನ ಮೊದಲೇ ಫಕೀರಪ್ಪನ ಎದೆಬಡಿತ ನಿಂತಿತು.

*

ಮಧ್ಯಾಹ್ನ ಚಿಕ್ಕಬೈರಪ್ಪ ಗುಲಾಬಿ ಹಾರ ಹಿಡಿದು ಬಂದ. ಜೊತೆಗೆ ಪಂದ್ಯ ನಡೆಸುವ ವೆಂಕಟರಾಮಯ್ಯ.

“ಧೈರ್ಯ ತಗೊಳಮ್ಮ. ಹನ್ನೊಂದು ದಿನ ನೀನು ಬ್ಯಾಟ್ ಮುಟ್ಟಂಗಿಲ್ಲ, ನಂಗೊತ್ತಿಲ್ವಾ? ಅದಕ್ಕೇ ನಾನೇ ಹೇಳ್ದೆ.”

ಮೂಲೆಯಲ್ಲಿ ಕೂತಿದ್ದ ಶಿವಲಿಂಗವ್ವ ಗಂಡನ ಮುಖದಿಂದ ಕಣ್ಣು ಕೀಳದೆ ಹೇಳಿದಳು: “ನಾವು ಲಿಂಗ ಕಟ್ಟಿದ ಮಂದಿರೀ. ನಮಗ ಸೂತಕ ಹಿಡಿಯೂದಿಲ್ಲ. ಇವತ್ತ ಮಣ್ಣ ಮಾಡ್ತೀವಿ. ನಾಳೆ ಅಕಿ ಆಡ್ತಾಳ.”

ದಾನವ್ವ ವೆಂಕಟರಾಮಯ್ಯನ ಕಡೆ ತಿರುಗಿದಳು. “ಸಾರ್, ಆಡಲ್ಲ ಅಂತ ನಾವೇನಾದ್ರೂ ಬರ್ಕೊಟ್ಟಿದೀವಾ?”

“ಇಲ್ಲಮ್ಮ.”

“ಅಯ್ಯೋ, ನಮ್ಮುಡುಗೀರನ್ನ ಊರಿಗೆ ಕಳ್ಸ್‌ಬಿಟ್ನಲ್ರೀ” ಎಂದ ಚಿಕ್ಕಬೈರಪ್ಪ. “ಒಬ್ಳು ತುಮಕೂರು, ಇನ್ನೊಬ್ಳು ಕೋಲಾರ.”

“ಬಸ್ಸಿದೆ, ಕರೆಸ್ಕೊಳ್ಳಿ” ಎಂದಳು ದಾನವ್ವ. “ಈಗ ಹೆಗಲು ಕೊಡಿ ಬನ್ನಿ. ಹಿಂದೆ ಬೇಡ, ಮುಂದೆ.”

ಅಷ್ಟು ಜನರೆದುರು ಚಿಕ್ಕಬೈರಪ್ಪ ಹಾರ ಕೆಳಗಿಟ್ಟು ಮುಂದೆ ಬಂದ. ಶವ ಹೊರುವ ಬಿದಿರಿನ ವಿಮಾನದಲ್ಲಿ ಫಕೀರಪ್ಪನನ್ನು ಕೂರಿಸಿ ಎತ್ತಿದರು. ಚಿಕ್ಕಬೈರಪ್ಪನ ಕುತ್ತಿಗೆ ಬಾಗಿತು. ದಾನವ್ವ ಪಕ್ಕದಲ್ಲೇ ನಡೆದಳು.

“ನಾಳೆ ನಾಲ್ಕು ಗಂಟೆಗೆ. ಯಲಹಂಕ ಮೈದಾನ. ತಡ ಮಾಡ್ಬೇಡಿ.”

 ಚಿಕ್ಕಬೈರಪ್ಪನ ನೆತ್ತಿಯ ಮೇಲೆ ಫಕೀರಪ್ಪ ಹೆಜ್ಜೆಗೊಮ್ಮೆ ಮೆಲ್ಲಗೆ ತಲೆ ತೂಗುತ್ತ ಸಾಗಿದ.