ಪೈಪಿಂಗ್ ಹೊಲಿದ ಮಾಸ್ಕ್

ನಮ್ಮ ಬೀದಿಯಲ್ಲಿ ಹರಿದದ್ದು ಏನೇ ಇರಲಿ, ಅದು ಮೊದಲು ಹೋಗುವುದು ಕತ್ತರಿ ಮಾವನ ಮನೆಗೆ. ಅಂಗಿ, ಚೀಲ, ಛತ್ರಿ, ಸೋಫಾ ಕವರ್, ಎಲ್ಲವನ್ನೂ ಹೊಲಿದು ಸರಿಮಾಡಿದ ಕೈ ಅದು. "ಎಸೆಯೋಕೆ ಜನಕ್ಕೆ ಮನಸ್ಸಾದ್ರೂ ಹೇಗೆ ಬರುತ್ತೋ!" ಎಂದು ಬೈದುಕೊಂಡೇ ಹೊಲಿಯುತ್ತಾರೆ. ಶ್ವಾಸಕೋಶದ ಕಾಯಿಲೆ ಬಂದು, ಮನೆಯಲ್ಲೇ ಆಮ್ಲಜನಕದ ಯಂತ್ರ ಇಟ್ಟುಕೊಂಡ ಮೇಲೂ ಆ ಚಾಳಿ ಹೋಗಲಿಲ್ಲ. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಪೈಪನ್ನು ಹೆಗಲ ಮೇಲಿಂದ ಇಳಿಬಿಟ್ಟು, ಗುಂಡಿ ಹೊಲಿಯುತ್ತ ಕೂತಿರುತ್ತಿದ್ದರು.

ಆ ಮಾಸ್ಕಿನ ಅಂಚು ಕೆನ್ನೆಗೆ ಒತ್ತುತ್ತಿತ್ತು. ಮಾವ ಸುಮ್ಮನಿರುವ ಆಸಾಮಿಯೇ? ಅಂಚಿನ ಸುತ್ತ ಮೆತ್ತನೆಯ ಬಟ್ಟೆ ಮಡಚಿ ಪೈಪಿಂಗ್ ಹೊಲಿದರು. ಸಡಿಲವಾಗಿದ್ದ ಪಟ್ಟಿ ಕಿತ್ತು ಪೈಜಾಮದ ಎಲಾಸ್ಟಿಕ್ ಹಾಕಿದರು. ಬೀದಿಯವರೆಲ್ಲ ಬಂದು ನೋಡಿ ಬಾಯಿ ತುಂಬ ಹೊಗಳಿದರು.

ಕೆಲವು ವಾರಗಳಲ್ಲಿ ಮಾವನಿಗೆ ಬಾಗಿಲವರೆಗೆ ನಡೆದರೂ ಏದುಸಿರು. ಕಣ್ಣು ಉರಿ. ಮಾಸ್ಕಿನಿಂದ ಮುಗ್ಗಲು ವಾಸನೆ. ಒಂದು ಬೆಳಿಗ್ಗೆ ನಾನು ಅಂಗಿಗೆ ಗುಂಡಿ ಹಾಕಿಸಲು ಹೋದಾಗ, ತಮ್ಮ ದೊಡ್ಡ ಕತ್ತರಿಯನ್ನು ಹೆಂಡತಿಯ ಕೈಗಿಡುತ್ತಿದ್ದರು.

"ಇದನ್ನ ಯಾರಿಗಾದ್ರೂ ಕೊಟ್ಟುಬಿಡು ಕಣೇ. ನಂದು ಮುಗೀತು ಅನ್ಸುತ್ತೆ. ಯಂತ್ರ ಇದ್ರೂ ಉಸಿರು ಸಾಲ್ತಿಲ್ಲ."

ಅತ್ತೆ ಕತ್ತರಿಯನ್ನು ಬೀರುವಿನಲ್ಲಿಟ್ಟು, ಅಡುಗೆಮನೆಗೆ ಹೋಗಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಮನೆಮನೆಗೆ ಬಂದು ರೋಗಿಗಳನ್ನು ನೋಡುವ ನರ್ಸಮ್ಮನಿಗೆ ಫೋನ್ ಮಾಡಿದರು. ಅವರು ತಡಮಾಡದೆ ಬಂದರು.

ಮಾವನ ಬೆರಳಿಗೆ ಆಮ್ಲಜನಕ ಅಳೆಯುವ ಪುಟ್ಟ ಕ್ಲಿಪ್ ಸಿಕ್ಕಿಸಿ ನೋಡಿದ ನರ್ಸಮ್ಮನ ಹುಬ್ಬು ಗಂಟಿಕ್ಕಿತು. ಮಾಸ್ಕಿನ ಕಡೆ ಕಣ್ಣು ಹೋಯಿತು.

"ಇದನ್ನ ಯಾರು ಹೊಲಿದಿದ್ದು?"

"ನಾನೇ. ಹೊಲಿಗೆ ಹೇಗಿದೆ ಹೇಳಿ!"

"ಹೊಲಿಗೆಗೆ ನೂರಕ್ಕೆ ನೂರು, ಯಜಮಾನ್ರೇ. ಮಾಸ್ಕಿಗೆ ಸೊನ್ನೆ."

ಮಾವನಿಗೆ ರೇಗಿತು. "ಮಾಸ್ಕಲ್ಲಿ ಏನಿದೆಯಮ್ಮಾ? ಗಾಳಿ ಬರೋದು ಯಂತ್ರದಿಂದ. ಸ್ವಲ್ಪ ಜಾಸ್ತಿ ತಿರುಗಿಸಿ, ಸರಿಹೋಗುತ್ತೆ."

"ಅಯ್ಯೋ, ಅದಕ್ಕೆ ಮಾತ್ರ ಕೈ ಹಾಕಬೇಡಿ. ಎಷ್ಟು ಬಿಡಬೇಕು ಅಂತ ಡಾಕ್ಟರೇ ಹೇಳಬೇಕು. ಜಾಸ್ತಿಯಾದ್ರೂ ಅಪಾಯ. ಎಲ್ಲಿ, ಒಂದೆಳೆ ದಾರ ಕೊಡಿ."

ದಾರವನ್ನು ಮಾಸ್ಕಿಗೂ ಕಣ್ಣಿಗೂ ನಡುವೆ ಹಿಡಿದರು. ಅದು ಪಟಪಟ ಹಾರಾಡಿತು. ಅಂಚಿನುದ್ದಕ್ಕೂ ಹಿಡಿದರು. ಸೂಜಿ ಹೋದ ಕಡೆಯೆಲ್ಲ ದಾರ ನಡುಗಿತು.

"ಮೂಗಿಗೆ ಹೋಗಬೇಕಾದ ಗಾಳಿ ಕಣ್ಣಿಗೆ ಹೋಗ್ತಿದೆ. ಕಣ್ಣುರಿ ಅದಕ್ಕೇ."

"ಮಾಸ್ಕಿನ ಪಕ್ಕದಲ್ಲಿ ಕಂಪನಿಯವರೇ ತೂತು ಇಟ್ಟಿದ್ದಾರಲ್ಲ?"

"ಅದು ನೀವು ಬಿಟ್ಟ ಉಸಿರು ಆಚೆ ಹೋಗೋಕೆ. ಈ ತೂತು ನಿಮ್ಮದು. ಬಟ್ಟೆ ಬೇರೆ ಎಂಜಲು, ಬೆವರು ಹೀರಿ ಮುಗ್ಗಿದೆ. ಅದರ ಕ್ರಿಮಿ ಎದೆಗೇ ಇಳಿಯುತ್ತೆ. ನಾನು ಕೊಟ್ಟ ಹೊಸ ಮಾಸ್ಕ್ ಎಲ್ಲಿ?"

ಮಾವ ಗೋಡೆ ನೋಡಿದರು. ಅತ್ತೆಯೇ ಬಾಯಿಬಿಟ್ಟರು: "ಬೀರುವಲ್ಲಿದೆ. ಆಸ್ಪತ್ರೆಗೆ ಹೋಗುವಾಗ ಹಾಕ್ಕೊಳ್ಳೋಕೆ ಅಂತ ಎತ್ತಿಟ್ಟಿದ್ದಾರೆ, ಹೊಸ ಅಂಗಿ ಥರ."

ನರ್ಸಮ್ಮ ನಕ್ಕುಬಿಟ್ಟರು. "ಆಸ್ಪತ್ರೆಗೆ ಹೋಗೋದು ತಪ್ಪಲಿ ಅಂತ ಕೊಟ್ಟಿದ್ದು!"

ಹೊಸ ಮಾಸ್ಕ್ ಬಂತು. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒತ್ತಿ ಕೂರಿಸಿ, ದಾರ ಹಿಡಿದರು. ಕಣ್ಣಿನ ಹತ್ತಿರ ದಾರ ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳಿನ ಕ್ಲಿಪ್ಪಿನಲ್ಲಿ ಅಂಕಿ ಮೇಲೇರಿತು. ನರ್ಸಮ್ಮ ಡಾಕ್ಟರಿಗೂ ಫೋನಿನಲ್ಲಿ ಎಲ್ಲ ತಿಳಿಸಿದರು.

"ಇದನ್ನ ತೊಳೆಯೋದು ಹೇಗಮ್ಮ? ಮಗುವಿನ ಹಾಲಿನ ಬಾಟ್ಲಿ ಥರ ಕುದಿಸಲಾ?" ಅತ್ತೆ ಕೇಳಿದರು.

"ಬೇಡ, ಸೊಟ್ಟಗಾಗುತ್ತೆ. ದಿನಾ ಪೈಪಿಂದ ಬಿಡಿಸಿ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಸೋಪು ಹಾಕಿ ತೊಳೀರಿ. ಸೋಪು ಪೂರ್ತಿ ಹೋಗಲಿ. ನೆರಳಲ್ಲಿ ಒಣಗಿಸಿ. ಒಣಗೋವರೆಗೆ ನಾನು ಕೊಟ್ಟುಹೋಗೋ ಇನ್ನೊಂದು ಮಾಸ್ಕ್ ಹಾಕಿ, ಗಾಳಿ ಮಾತ್ರ ನಿಲ್ಲಿಸಬೇಡಿ. ಕೆನ್ನೆ ಉರಿದ್ರೆ ನನಗೆ ಹೇಳಿ. ಎಣ್ಣೆ, ಜಿಡ್ಡಿನ ಮುಲಾಮು ಹಚ್ಚಲೇಬೇಡಿ, ಆಮ್ಲಜನಕ ಇರೋ ಕಡೆ ಬೇಗ ಬೆಂಕಿ ಹೊತ್ತಿಕೊಳ್ಳುತ್ತೆ. ಆ ಇಸ್ತ್ರಿ ಪೆಟ್ಟಿಗೇನೂ ಆಚೆ ಕೋಣೆಗೆ ಹೋಗಲಿ."

"ಮತ್ತೆ ಹೊಸದು ಯಾವಾಗ?"

"ಗಟ್ಟಿಯಾದ್ರೆ, ಬಣ್ಣ ಕೆಟ್ರೆ, ಬಿರುಕು ಬಿಟ್ರೆ, ನೆಗಡಿ-ಜ್ವರ ಬಂದು ಹೋದ್ಮೇಲೆ. ಏನೂ ಆಗದಿದ್ರೂ ನಾವು ಹೇಳಿದ ಹೊತ್ತಿಗೆ."

"ಚೆನ್ನಾಗಿರೋದನ್ನೂ ಎಸೆಯೋದಾ?" ಮಾವ ಇನ್ನೂ ಬಿಡಲಿಲ್ಲ.

"ಮೊಂಡು ಸೂಜೀಲಿ ರೇಷ್ಮೆ ಹೊಲೀತೀರಾ?"

"ಛೆ, ಬಟ್ಟೆ ಹಾಳಾಗುತ್ತೆ!"

"ನಿಮ್ಮ ಎದೆ ಅದಕ್ಕಿಂತ ಅಗ್ಗವಾ?"

ಮಾವ ಮೇಜಿನ ಮೇಲಿದ್ದ ಹಳೆಯ ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲಿ ಮತ್ತೆ ಡ್ರಾಯರಿಗೆ ಸೇರಿಸುತ್ತಾರೋ ಎಂದು ನನಗೆ ಒಳಗೊಳಗೇ ಅಳುಕು.

"ಲೇ, ಆ ಕತ್ತರಿ ಯಾರಿಗಾದ್ರೂ ಕೊಟ್ಟೆಯಾ?"

"ಇಲ್ಲ."

"ತಾ ಇಲ್ಲಿ."

ಪೈಪಿಂಗ್ ಸಮೇತ ಮಾಸ್ಕನ್ನು ನಡುಮಧ್ಯೆ ಕತ್ತರಿಸಿದರು. "ಇಲ್ದಿದ್ರೆ ನಾಳೆ ಮತ್ತೆ ಹೊಲಿದುಬಿಡ್ತೀನಿ" ಎಂದರು. ಅತ್ತೆ ನಗುತ್ತಲೇ ಮತ್ತೆ ಕಣ್ಣೊರೆಸಿಕೊಂಡರು. ಮಾವ ಕತ್ತರಿಯನ್ನು ವಾಪಸ್ ಕೊಡಲಿಲ್ಲ. ನನ್ನ ಕಡೆ ಕೈಚಾಚಿ, "ಎಲ್ಲಿ ನಿನ್ನ ಅಂಗಿ? ಗುಂಡಿ ಹಾಕಬೇಕಿತ್ತಲ್ಲ?" ಎಂದರು.

ನಿಮ್ಮ ಮನೆಯಲ್ಲೂ ಹೀಗೆ ಯಂತ್ರದ ಗಾಳಿ ನೆಚ್ಚಿಕೊಂಡವರು ಇದ್ದಾರೆಯೇ? ಹಾಗಾದರೆ ಇದನ್ನು ಪಕ್ಕಕ್ಕಿಟ್ಟು ಈಗಲೇ ಅವರ ಹತ್ತಿರ ಹೋಗಿ. ಮಾಸ್ಕ್ ಸರಿಯಾಗಿ ಕೂತಿದೆಯೇ, ವಾಸನೆ ಬರುತ್ತಿದೆಯೇ, ಗಟ್ಟಿಯಾಗಿದೆಯೇ ನೋಡಿ. ಅನುಮಾನ ಬಂದರೆ ನರ್ಸನ್ನೋ ಡಾಕ್ಟರನ್ನೋ ಕೇಳಿ. ಹೊಸದೊಂದು ಬೀರುವಿನಲ್ಲಿದ್ದರೆ ಹೊರಗೆ ತೆಗೆಯಿರಿ. ಒಳ್ಳೆಯ ದಿನಕ್ಕೆಂದು ಎತ್ತಿಡಬೇಡಿ. ನಿಮ್ಮವರು ನಿಮ್ಮೆದುರು ಕೂತು ಉಸಿರಾಡುತ್ತಿರುವ ಈ ದಿನವೇ ಒಳ್ಳೆಯ ದಿನ.