ಹೊರಮುಖದ ಸುತ್ತು

ಚಾಪೆಯಂತೆ ಸುತ್ತಿಡಬಹುದಾದ ಆ ಎಲೆಕ್ಟ್ರಾನಿಕ್ ಪರದೆಯನ್ನು ಯಂತ್ರ ಒಂದು ಲಕ್ಷ ಸಲ ಸುತ್ತಿ ಬಿಚ್ಚಿತ್ತು. ಬೆಡ್‌ಶೀಟಿನಷ್ಟು ಅಗಲ, ನೀರು ಸುರಿದರೂ, ಬೂಟುಕಾಲಲ್ಲಿ ತುಳಿದರೂ ಜಗ್ಗುವ ಜಾತಿಯಲ್ಲ. ಅಗ್ನಿಶಾಮಕದವರು ಅದನ್ನು ಮೆಟ್ಟಿಲ ಮೇಲೇ ಹಾಸಿ, ಬೆಂಕಿ ಬಿದ್ದ ಕಟ್ಟಡದ ನಕ್ಷೆಯಲ್ಲಿ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ನೋಡಬಹುದಿತ್ತು. ಪರದೆಗಳನ್ನು ಪರೀಕ್ಷಿಸುವ ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳದೊಂದು ಸಹಿ ಬಿದ್ದರೆ ಸೋಮವಾರ ಪರದೆಗಳು ಅಗ್ನಿಶಾಮಕ ಠಾಣೆ ಸೇರುತ್ತಿದ್ದವು.

ಇದನ್ನು ರೂಪಿಸಿದವರು ಅವಳ ಮಾವ, ಗಂಡನ ತಂದೆ. ಒಂಬತ್ತು ವರ್ಷ ಇದಕ್ಕೇ ಜೀವ ತೇಯ್ದವರು ಈಗ ಹಾಸಿಗೆ ಹಿಡಿದಿದ್ದರು. ಇನ್ನು ಕೆಲವೇ ವಾರ ಎಂದು ಡಾಕ್ಟರು ಕೈಚೆಲ್ಲಿದ್ದರು. ಪರದೆ ಠಾಣೆ ಸೇರಿದ ಸುದ್ದಿ ಕೇಳಿಯೇ ಕಣ್ಣು ಮುಚ್ಚುವುದೆಂದು ಮುದುಕರ ಹಟ.

ಶುಕ್ರವಾರ ಅವಳ ತಮ್ಮ ಬಂದ. ಅವನೂ ಅಗ್ನಿಶಾಮಕದವನೇ. ದಪ್ಪ ಕೈಗವಸಿನಲ್ಲೇ ಪರದೆ ಹಾಸಿ ನೋಡಿ, ಸರಸರನೆ ಸುತ್ತಿಬಿಟ್ಟ. ಚಿತ್ರ ಹೊರಗೆ, ಬೆನ್ನು ಒಳಗೆ.

"ಏಯ್, ಉಲ್ಟಾ ಸುತ್ತಿದೀಯ ಕಣೋ."

"ಉಲ್ಟಾ ಏನಿಲ್ಲಕ್ಕ. ಚಿತ್ರ ಹೊರಗಿದ್ರೆ ಹಿಂದೆ ಬರೋನು ನನ್ನ ಹೆಗಲ ಮೇಲೇ ನೋಡ್ಕೊಂಡು ಬರ್ತಾನೆ. ಹೊಗೆಯೊಳಗೆ ನಿಂತು ಬಿಚ್ಚೋಕಾಗುತ್ತಾ?"

ಅವಳು ಯಂತ್ರದ ಕಡೆ ತಿರುಗಿ ನೋಡಿದಳು. ಆ ಲಕ್ಷ ಸಲವೂ ಯಂತ್ರ ಸುತ್ತಿದ್ದು ಒಳಮುಖವಾಗಿ. ಅಲ್ಲಿನ ಜಾಣರಿಗೆ ಪರದೆಯ ಮುಖವೆಂದರೆ ಕಣ್ಣಗುಡ್ಡೆಯಷ್ಟು ಜೋಪಾನ. ಅದನ್ನು ಹೊರಗಿಟ್ಟು ಸುತ್ತುವ ಪೆದ್ದ ಯಾವನಿದ್ದಾನು ಎಂದೇ ಎಲ್ಲರೂ ತಿಳಿದಿದ್ದರು.

ತಮ್ಮ ಹೋದಮೇಲೆ, ಚಿತ್ರ ಹೊರಗೆ ಬರುವಂತೆ ಯಂತ್ರವನ್ನು ಹಿಮ್ಮುಖವಾಗಿ ಓಡಿಸಿದಳು. ಇನ್ನೂರ ಹನ್ನೆರಡನೆಯ ಸುತ್ತಿಗೆ ನಡುವೆ ಕಪ್ಪು ಗೆರೆ ಮೂಡಿತು. ಮುನ್ನೂರು ದಾಟುವಷ್ಟರಲ್ಲಿ ನಕ್ಷೆಯ ಮೆಟ್ಟಿಲೇ ಮಾಯ.

ಅವಳು ವರದಿ ಮುಂದಿಟ್ಟುಕೊಂಡು ಕೂತಳು. ಸಹಿ ಹಾಕಿದರೆ ಮಾವ ನೆಮ್ಮದಿಯಿಂದ ಹೋಗುತ್ತಾರೆ; ತಮ್ಮ ಮಾತ್ರ ಆ ಪರದೆ ನಂಬಿ ಹೊಗೆಯೊಳಗೆ ನುಗ್ಗುತ್ತಾನೆ. ಒಂದು ಗಳಿಗೆಯಾದರೂ ಇದನ್ನು ತೂಗಿ ನೋಡಿದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ತಮ್ಮನನ್ನೂ ಕರೆದುಕೊಂಡು ಮನೆಗೆ ಹೋದಳು. ಅವನು ಬಾಗಿಲಲ್ಲೇ ನಿಂತ.

"ಸಹಿ ಆಯ್ತೇನಮ್ಮ?" ಎಂದರು ಮಾವ.

"ಇಲ್ಲ ಮಾವ." ಎಲ್ಲವನ್ನೂ ಹೇಳಿದಳು.

ಅವರು ಗೋಡೆಯ ಕಡೆ ಹೊರಳಿದರು. ಅವಳಿಗೆ ಅಳು ತಡೆಯಲಾಗಲಿಲ್ಲ. ಕೊನೆಗೆ ಅವರೇ ಈಚೆ ತಿರುಗಿ ತಮ್ಮನನ್ನು ಕರೆದರು.

"ಬಾಪ್ಪ. ಈ ಹೊದಿಕೆ ತಗೊಂಡು ಸುತ್ತಿ ತೋರ್ಸು."

ಅವನು ಸಂಕೋಚದಿಂದಲೇ ಸುತ್ತಿ ಹೆಗಲಿಗಿಟ್ಟುಕೊಂಡ. ಮುದುಕರು ರೆಪ್ಪೆ ಬಡಿಯದೆ ಅವನ ಕೈಯನ್ನೇ ನೋಡಿದರು.

"ಒಂಬತ್ತು ವರ್ಷದಲ್ಲಿ ನಿಮ್ಮೋರಲ್ಲಿ ಒಬ್ಬನ್ನೂ ಕರೆದು ಕೇಳ್ಲಿಲ್ಲ ನಾನು," ಎಂದರು. "ಇನ್ನೊಂದ್ಸಲ ಸುತ್ತು. ನಿಧಾನಕ್ಕೆ."

ಆಮೇಲೆ ಸೊಸೆಯ ಕಡೆ ಕೈ ಚಾಚಿದರು. "ಅಳ್ಬೇಡ, ಪೆನ್ನು ತಗೋ. ಹೊರಕ್ಕೆ ಸುತ್ತಿದಾಗ ಮುಖ ಜಗ್ಗಿ ಬಿರುಕು ಬಿಡುತ್ತೆ; ಬೆನ್ನಿನ ಪದರ ತೆಳು ಮಾಡ್ಬೇಕು, ಬರ್ಕೋ. ಬೇಗ ಬರ್ಕೋಮ್ಮ, ನನಗೆ ಪುರುಸೊತ್ತಿಲ್ಲ."