ಮಾಮನ ಹೆಸರು ಎತ್ತಿದವರು

ಗುಬ್ಬಿಯ ಸೋದರಮಾವನನ್ನು ಕಂಡರೆ ನಿನ್ನೆಯಿಂದ ಚಿಕ್ಕ ಟೀಚರಿಗೆ ಮೈಯೆಲ್ಲ ಕಣ್ಣು. ಶಿಶುವಿಹಾರ ಬಿಡುವ ಹೊತ್ತಿಗೆ ಅವನು ಗೇಟಿನಾಚೆ ನಿಲ್ಲುತ್ತಿದ್ದ. ಅಕ್ಕನ ನಾಲ್ಕು ವರ್ಷದ ಮಗಳು ಗುಬ್ಬಿಯ ಮೂಗೊರೆಸಿ, ಮಂಡಿಯೂರಿ ಶೂ ಲೇಸು ಬಿಗಿದು, ಬಿಸಿಲು ತಾಗದಂತೆ ತನ್ನ ನೆರಳಿನಲ್ಲೇ ನಡೆಸಿಕೊಂಡು ಹೋಗುತ್ತಿದ್ದ. ಎಂಥ ಮೆತ್ತನೆಯ ಮನುಷ್ಯ ಎಂದು ಚಿಕ್ಕ ಟೀಚರೇ ಆಯಾಳ ಹತ್ತಿರ ಹೊಗಳಿದ್ದುಂಟು. ನಿನ್ನೆ ಮಾತ್ರ, ಒಂದು ಲೇಸು ಬಿಗಿಯಲು ಇಷ್ಟು ಹೊತ್ತು ಬೇಕೆ ಎನಿಸಿತು.

ನಿನ್ನೆ ಮಕ್ಕಳು ಮಲಗುವ ಹೊತ್ತಿನಲ್ಲಿ, ಪೇರಿಸಿಟ್ಟ ಹಾಸಿಗೆಗಳ ಹಿಂದೆ ಗುಬ್ಬಿಯೂ ಅವಳ ಜೊತೆಗಾರ ಗುಂಡನೂ ಡಾಕ್ಟರ್ ಆಟಕ್ಕೆ ಕೂತಿದ್ದರು. ಇಬ್ಬರ ಬಟ್ಟೆಯೂ ಅಸ್ತವ್ಯಸ್ತ, ಇಬ್ಬರಿಗೂ ನಗು. ಆಯಾ ಎದೆಗೆ ಕೈಯಿಟ್ಟುಕೊಂಡಳು. ಚಿಕ್ಕ ಟೀಚರ್ ಹೋದ ತಿಂಗಳಷ್ಟೇ ತರಬೇತಿ ಮುಗಿಸಿದ್ದವಳು. ಗದರಲಿಲ್ಲ, ನಾಚಿಸಲಿಲ್ಲ. ಬಟ್ಟೆ ಸರಿಮಾಡಿ ಇಬ್ಬರನ್ನೂ ಚಿತ್ರ ಬಿಡಿಸಲು ಕೂರಿಸಿದಳು. ಆಮೇಲೆ ಗುಬ್ಬಿಯನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದಳು.

ಶಿಶುವಿಹಾರದಲ್ಲಿ ಇಂಥದಕ್ಕೆಂದೇ ಒಂದು ಹಾಳೆ ಇತ್ತು. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ಟೀಚರಿಗೆ ಅನಿಸಿದ್ದು. ಎಡಗಡೆ ಅವಳು ಬರೆದಳು: 'ಮಾಮ ಹೇಳಿಕೊಟ್ಟನೆಂದು ಮಗು ಹೇಳಿತು.'

ಬೆಳಿಗ್ಗೆ ದೊಡ್ಡ ಟೀಚರ್ ಅದನ್ನು ಎರಡು ಸಲ ಓದಿದರು. ಈ ಸಾಲು ಮೇಲೆ ಹೋದರೆ ಇವತ್ತಿನಿಂದಲೇ ಅವನು ಗೇಟಿನ ಹತ್ತಿರ ಬರುವ ಹಾಗಿಲ್ಲ. ಮನೆಗೆ ವಿಚಾರಣೆಯವರು ಬರುತ್ತಾರೆ. ಊರ ಬಾಯಿಗೆ ಬಿದ್ದ ಹೆಸರು ಮತ್ತೆ ಬಿಳಿಯಾಗುವುದಿಲ್ಲ.

"ಮಗು ಬಾಯಿಂದ ಬಂದ ಮಾತು ಯಾವುದಮ್ಮ?"

"ಹೂಂ ಅಂದ್ಲು ಮೇಡಂ."

"ಯಾವುದಕ್ಕೆ ಹೂಂ?"

ಚಿಕ್ಕ ಟೀಚರ್ ಸೆರಗಿನ ತುದಿ ಹಿಡಿದಳು. "ಯಾರು ಹೇಳ್ಕೊಟ್ಟಿದ್ದು, ಮಾಮನಾ ಅಂತ ಕೇಳ್ದೆ."

"ಚಂದ್ರನ್ನ ತಿಂದ್ಯಾ ಅಂದ್ರೂ ಹೂಂ ಅನ್ನೋ ವಯಸ್ಸು ಅದು."

"ಬೆಂಕಿ ಇಲ್ದೆ ಹೊಗೆ ಆಡುತ್ತಾ ಮೇಡಂ?"

"ಹೊಗೆ ಹಾಕಿದ್ದೇ ನೀನು ಕಣಮ್ಮ. ಅವನು ಒಳ್ಳೆಯವನು ಅಂತ ನಾನೇನೂ ಹೇಳ್ತಿಲ್ಲ. ಗೊತ್ತಿಲ್ಲ ಅಂತಿದ್ದೀನಿ."

ಅವಳ ಕೆಲಸ ಖಾಯಂ ಆಗಲು ಇನ್ನೂ ಎರಡು ತಿಂಗಳಿತ್ತು. ಮಗುವಿನ ಬಾಯಿಗೆ ಹೆಸರು ತುರುಕಬಾರದು ಎಂದು ತರಬೇತಿಯಲ್ಲಿ ಬಡಿದು ಬಡಿದು ಹೇಳಿದ್ದರು. ಅದನ್ನು ಮೀರಿದೆನೆಂದು ತಾನೇ ಬರೆದುಕೊಟ್ಟರೆ ಆ ಹಾಳೆ ಕಡತದಲ್ಲಿ ಉಳಿಯುತ್ತದೆ. ದೊಡ್ಡ ಟೀಚರ್ ಪೆನ್ನನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿ, ಕಿಟಕಿಗೆ ಮುಖಮಾಡಿ ನಿಂತರು. ಅವಳು ಒದ್ದಾಡುವುದನ್ನು ನೋಡುವ ಮನಸ್ಸು ಅವರಿಗಿರಲಿಲ್ಲ.

ಹಳೆಯ ಸಾಲು ಓದಲು ಬರುವಂತೆಯೇ ಅಡ್ಡಗೆರೆ ಎಳೆದು, ಅವಳು ಕೆಳಗೆ ಬರೆದಳು: 'ಮಾಮನ ಹೆಸರು ಎತ್ತಿದ್ದು ನಾನು. ಮಗು ಹೂಂ ಅಂದಿತು, ಅಷ್ಟೆ.'

ಹನ್ನೊಂದಕ್ಕೆ, ದೊಡ್ಡ ಟೀಚರ್ ಕರೆಸಿದ್ದ ಮಕ್ಕಳ ಆಪ್ತಸಲಹೆಗಾರ್ತಿ ಬಂದರು. ಗುಬ್ಬಿಯ ಜೊತೆ ನೆಲದ ಮೇಲೆ ಕೂತು ಜೇಡಿಮಣ್ಣು ನಾದುತ್ತ, ನಿಮ್ಮ ಡಾಕ್ಟರ್ ಆಟ ಹೇಗಿರುತ್ತೆ ಎಂದು ಕೇಳಿ ಸುಮ್ಮನಾದರು. ಗುಬ್ಬಿ ತಾನಾಗಿಯೇ ಬಾಯಿ ಬಿಟ್ಟಳು. ಹೊಟ್ಟೆನೋವು ಬಂದಾಗ ಕ್ಲಿನಿಕ್ಕಿನ ಡಾಕ್ಟರಮ್ಮ ಫ್ರಾಕು ಎತ್ತಿ ಹೊಟ್ಟೆ ಒತ್ತಿದ್ದರು, ಅಮ್ಮ ಪಕ್ಕದಲ್ಲೇ ಇದ್ದಳು, ಸೂಜಿ ಚುಚ್ಚಲೇ ಇಲ್ಲ. ಅರ್ಧ ಗಂಟೆಯಲ್ಲಿ ಮಾಮನ ಸುದ್ದಿ ಒಮ್ಮೆಯೂ ಬರಲಿಲ್ಲ. ಫೋನಿನಲ್ಲಿ ತಾಯಿಯೂ ಹೌದೆಂದಳು, ಕ್ಲಿನಿಕ್ಕಿಗೆ ಹೋಗಿದ್ದು ಹೋದ ವಾರ. ಈ ವಯಸ್ಸಿಗೆ ಸಹಜವಾದ ಕುತೂಹಲ, ಕಣ್ಣಿಟ್ಟಿರಿ, ತನಿಖೆ ಮಾಡಬೇಡಿ ಎಂದು ಹೇಳಿ ಸಲಹೆಗಾರ್ತಿ ಹೊರಟರು.

ಮಧ್ಯಾಹ್ನ ಮಾಮ ಬಂದ. ಚಿಕ್ಕ ಟೀಚರ್ ಗುಬ್ಬಿಯ ಕೈ ಹಿಡಿದುಕೊಂಡೇ ನಿಂತಿದ್ದಳು.

"ಏನ್ ಟೀಚರ್, ಇವತ್ತು ನೀವೇ ಇಟ್ಕೊಳ್ತೀರಾ ಇವಳನ್ನ?" ಅವನು ನಕ್ಕ. "ರಾತ್ರಿ ಕಥೆ ಹೇಳೋದು ಮಾತ್ರ ಕಷ್ಟ ಇದೆ ನೋಡಿ."

ಆ ನಗುವಿನಲ್ಲಿ ಏನಾದರೂ ಇದೆಯೇ ಎಂದು ಅವಳು ಹುಡುಕಿದಳು. ಹಾಗೆ ಹುಡುಕುತ್ತಿರುವುದು ತನಗೇ ಗೊತ್ತಾಗಿ ಕೈ ಸಡಿಲಿಸಿದಳು. ಅವರಿಬ್ಬರೂ ತಿರುವು ದಾಟುವವರೆಗೆ ಕಣ್ಣು ಮಾತ್ರ ಕೀಳಲಿಲ್ಲ.